210 ಮಕ್ಕಳ ಲೆಕ್ಕ ಮತ್ತು ನಮ್ಮ ಎಂಪಿಎಚ್

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ, ಎಂಪಿಎಚ್ ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್ ಓದಿದ ಹಳೆಯ ವಿದ್ಯಾರ್ಥಿಗಳಿಗೆಲ್ಲ ನಮ್ಮ ವಿಭಾಗದಿಂದ ಒಂದು ಫಾರಂ ಬರುತ್ತದೆ. ಪಠ್ಯ ಹೇಗಿತ್ತು, ಪಾಠ ಹೇಗಿತ್ತು, ಲೈಬ್ರರಿ ಹೇಗಿತ್ತು, ಒಂದರಿಂದ ಐದರೊಳಗೆ ಅಂಕ ಕೊಡಿ ಅಂತ. ನಾವೆಲ್ಲ ನಾಲ್ಕು, ನಾಲ್ಕು, ನಾಲ್ಕು ಅಂತ ಒತ್ತಿ ಕಳಿಸುತ್ತೇವೆ. ಕಾರ್ಯಕ್ರಮಗಳ ಮೌಲ್ಯಮಾಪನ ಹೇಗೆ ಮಾಡಬೇಕು ಅಂತ ನಮಗೇ ಒಂದು ಪೇಪರ್ ಇಟ್ಟಿದ್ದ ವಿಭಾಗ ಇದು! ಏನೇನಿದೆ ನೋಡು, ಅದನ್ನಿಟ್ಟುಕೊಂಡು ಏನು ಮಾಡುತ್ತಾರೆ ನೋಡು, ಕೊನೆಗೆ ಅದರಿಂದ ಜನಕ್ಕೆ ಏನಾಯಿತು ನೋಡು: 1966ರಲ್ಲಿ ಡೊನಬೀಡಿಯನ್ ಅನ್ನುವ ವೈದ್ಯ ಹಾಕಿಕೊಟ್ಟ ಈ ದಾರಿಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಹಾಗಾಗಿ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಅಂದಾಗ, ಇದೇ ಪ್ರಶ್ನೆಯನ್ನು ನಮ್ಮ ಕೋರ್ಸಿಗೇ ಹಾಕೋಣ ಅನ್ನಿಸಿತು.

ಏನೇನಿತ್ತು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಮೇಷ್ಟ್ರುಗಳಲ್ಲಿ ಹೆಚ್ಚಿನವರು ಸಮುದಾಯ ವೈದ್ಯಕೀಯ ಓದಿದ ಡಾಕ್ಟರುಗಳು. ವಿದ್ಯಾರ್ಥಿಗಳಲ್ಲಿ ಬಿಡಿಎಸ್ ಮುಗಿಸಿದವರು ಜಾಸ್ತಿ. ಉಳಿದಂತೆ ಆಯುರ್ವೇದ, ನರ್ಸಿಂಗ್, ಎಂಎಸ್‌ಡಬ್ಲ್ಯು. ಕ್ಲಾಸಿನಲ್ಲಿ ಜಗಳ ಚೆನ್ನಾಗಿರುತ್ತಿತ್ತು. ರಕ್ತಹೀನತೆ ಅಂದರೆ ಒಬ್ಬರಿಗೆ ಹಿಮೋಗ್ಲೋಬಿನ್, ಇನ್ನೊಬ್ಬರಿಗೆ ಮನೆಯಲ್ಲಿ ಕೊನೆಗೆ ಊಟ ಮಾಡುವ ಹೆಂಗಸು. ಕಂಪ್ಯೂಟರ್ ಲ್ಯಾಬಿನಲ್ಲಿ ದುಡ್ಡು ಕೊಟ್ಟು ತರುವ ಸಾಫ್ಟ್‌ವೇರ್ ಮೇಲೇ ಎಲ್ಲ ಕಲಿಸಿದರು. ಹೊರಗೆ ಬಂದ ಮೇಲೆ ಅದು ಯಾರ ಆಫೀಸಿನಲ್ಲೂ ಇರಲಿಲ್ಲ. ಪುಕ್ಕಟೆ ಸಿಗುವ ಎಪಿ ಇನ್ಫೊ, ಆರ್ ಅನ್ನುವ ಸಾಫ್ಟ್‌ವೇರ್‌ಗಳು ಇದ್ದವಲ್ಲ, ಅವನ್ನು ನಾವೇ ತಡಕಾಡಿ ಕಲಿತೆವು.

ನಿಜವಾಗಿ ಹೇಳಬೇಕಾಗಿರುವುದು ಕೋರ್ಸಿನಲ್ಲಿ ನಾವು ಮಾಡಿದ ಲಸಿಕೆ ಸರ್ವೆಯ ಬಗ್ಗೆ. 30 ಕ್ಲಸ್ಟರ್ (ಅಂದರೆ ಪಟ್ಟಿಯಿಂದ ಆರಿಸಿದ ಊರುಗಳು), ಒಂದೊಂದರಲ್ಲಿ 7 ಮಕ್ಕಳು, ಒಟ್ಟು 210. ಒಂದು ವರ್ಷ ತುಂಬಿದ, ಎರಡು ತುಂಬದ ಮಕ್ಕಳು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ವಿಧಾನ ಇದು. ಇಡೀ ತಾಲೂಕಿನಲ್ಲಿ ಎಷ್ಟು ಮಕ್ಕಳಿಗೆ ಲಸಿಕೆ ಪೂರ್ತಿ ಆಗಿದೆ ಅಂತ ಶೇಕಡಾ ಹತ್ತು ಆಚೆ ಈಚೆ ಹೇಳಲು 210 ಸಾಕು ಅಂದರೆ ಮೊದಲು ನಂಬಿಕೆ ಬರುವುದಿಲ್ಲ. ಊರ ನಡುವೆ ನಿಂತು ಪೆನ್ನು ತಿರುಗಿಸಬೇಕು. ಅದರ ತುದಿ ತೋರಿಸಿದ ದಿಕ್ಕಿಗೆ ಎಷ್ಟು ಮನೆ ಇವೆ ಎಣಿಸಬೇಕು, ಜೇಬಿನಿಂದ ಒಂದು ನೋಟು ತೆಗೆದು ಅದರ ನಂಬರಿನ ಕೊನೆಯ ಅಂಕಿ ನೋಡಿ ಮೊದಲ ಮನೆ ಆರಿಸಬೇಕು, ಅಲ್ಲಿಂದ ಮುಂದಕ್ಕೆ ಹತ್ತಿರದ ಬಾಗಿಲು, ಮತ್ತೆ ಹತ್ತಿರದ ಬಾಗಿಲು. ಮಂಡ್ಯ ಕಡೆಯ ಒಂದು ಹಳ್ಳಿಯ ಅರಳಿಕಟ್ಟೆ ಮೇಲೆ ನಾವು ನೋಟು ಹಿಡಿದು ನಂಬರ್ ಬರೆದುಕೊಳ್ಳುವಾಗ ಒಬ್ಬ ಅಜ್ಜ, "ಏನ್ರವ್ವಾ, ಓಸಿ ಬರೀತಿದ್ದೀರಾ?" ಅಂತ ಕೇಳಿದ್ದರು.

ಮನೆಯೊಳಗೆ ಹೋದ ಮೇಲೆ ಬೇರೆಯದೇ ಲೋಕ. ಮಗುವಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ಕೊಡಿ ಅಂದರೆ ಅರ್ಧ ಮನೆಗಳಲ್ಲಿ ಕಾರ್ಡೇ ಇಲ್ಲ. ಕಳೆದುಹೋಗಿದೆ ಅಂತಲ್ಲ. ಮೊದಲ ಹೆರಿಗೆ ತವರಲ್ಲಿ ಆಗಿರುತ್ತದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಬರುವಾಗ ತೊಟ್ಟಿಲು ಬರುತ್ತದೆ, ಬೆಳ್ಳಿ ಕಾಲ್ಗಡಗ ಬರುತ್ತದೆ, ಕಾರ್ಡ್ ಮಾತ್ರ ಅಲ್ಲೇ ಟ್ರಂಕಿನಲ್ಲಿ ಉಳಿಯುತ್ತದೆ. ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗಳು ಅಲ್ಲಿ, ಒಂಬತ್ತು ತಿಂಗಳ ದಡಾರದ ಚುಚ್ಚುಮದ್ದು ಇಲ್ಲಿ. ಅಲ್ಲಿನ ರಿಜಿಸ್ಟರಿನಲ್ಲಿ ಮಗು ಊರು ಬಿಟ್ಟಿದೆ, ಇಲ್ಲಿನದರಲ್ಲಿ ಇನ್ನೂ ಬಂದಿಲ್ಲ. ನಾವು ಎಡತೋಳಿನಲ್ಲಿ ಬಿಸಿಜಿ ಲಸಿಕೆಯ ಕಲೆ ಹುಡುಕುತ್ತಾ ಕೂತಿದ್ದರೆ ಊರಿನ ಆಶಾ ಕಾರ್ಯಕರ್ತೆ ಅಕ್ಕ ಸುಮ್ನೆ ಫೋನ್ ತೆಗೆದು, ಆ ಹುಡುಗಿಯ ತವರಿಗೆ ಕರೆ ಮಾಡಿ, ಕಾರ್ಡಿನ ಫೋಟೊ ವಾಟ್ಸಾಪಿಗೆ ತರಿಸಿಬಿಟ್ಟರು. ಯಾವ ಪಠ್ಯಪುಸ್ತಕದಲ್ಲಿತ್ತು ಇದು?

ಇನ್ನೊಂದು. ಊರಾಚೆ ಕಬ್ಬು ಕಡಿಯಲು ಬಂದವರ ಟೆಂಟುಗಳಿದ್ದವು. ಅಲ್ಲೂ ಕೂಸುಗಳಿದ್ದವು. ನಮ್ಮ ಕ್ಲಸ್ಟರ್ ಪಟ್ಟಿ ಜನಗಣತಿಯ ಊರುಗಳಿಂದ ಮಾಡಿದ್ದು, ಟೆಂಟು ಅದರಲ್ಲಿ ಎಲ್ಲಿಂದ ಬರಬೇಕು? ಸಂಜೆ ನಮ್ಮ ಸಂಖ್ಯಾಶಾಸ್ತ್ರದ ಸರ್ ಹತ್ತಿರ ಹೇಳಿದೆವು. ಅವರು ಪಾಠ ನಿಲ್ಲಿಸಿ, ಪಟ್ಟಿಯಲ್ಲೇ ಇಲ್ಲದವರನ್ನು ಎಷ್ಟು ದೊಡ್ಡ ಸ್ಯಾಂಪಲ್ ತೆಗೆದರೂ ಹಿಡಿಯಲು ಆಗುವುದಿಲ್ಲ ಅಂತ ಬೋರ್ಡ್ ಮೇಲೆ ಲೆಕ್ಕ ಬಿಡಿಸಿ ತೋರಿಸಿದರು. ಎರಡು ವರ್ಷದ ಅತ್ಯುತ್ತಮ ಕ್ಲಾಸ್ ಅದೇ. ಅದಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಅಳೆಯುವುದನ್ನು, ಅಳತೆಯನ್ನು ಅನುಮಾನಿಸುವುದನ್ನು ಈ ವಿಭಾಗ ಚೆನ್ನಾಗಿ ಕಲಿಸಿತು.

ಕೆಲಸದ ವಿಷಯ ಹೊಸಬರಿಗೆ ಮೊದಲೇ ಬಿಡಿಸಿ ಹೇಳಬೇಕು. ಸಾರ್ವಜನಿಕ ಆರೋಗ್ಯದ ಓದು ಮೊದಲು ಬಹುಪಾಲು ಡಾಕ್ಟರುಗಳದ್ದೇ ಆಗಿತ್ತು. ಕೋಲ್ಕತ್ತಾದಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಶುರುವಾಗಿದ್ದು 1932ರಲ್ಲಿ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ ಎಂಪಿಎಚ್ ಬಂದಿದ್ದು 1997ರಲ್ಲಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಮುಂದಿನ ವರ್ಷಗಳಲ್ಲಿ ಒಂದಾದ ಮೇಲೊಂದು ವಿಶ್ವವಿದ್ಯಾಲಯ ಈ ಕೋರ್ಸ್ ತೆರೆಯಿತು. ಕೋರ್ಸ್ ಬೆಳೆದಷ್ಟು ಹುದ್ದೆ ಬೆಳೆಯಲಿಲ್ಲ. ಎಂಬಿಬಿಎಸ್ ಇಲ್ಲದವರಿಗೆ ಸಿಗುವುದು ಬಹಳಷ್ಟು ಗುತ್ತಿಗೆ ಕೆಲಸ, ಇಲ್ಲವೇ ಎನ್‌ಜಿಒ ಪ್ರಾಜೆಕ್ಟು. ಪ್ರಾಜೆಕ್ಟ್ ಮುಗಿದರೆ ಮತ್ತೆ ಅರ್ಜಿ. ಬ್ರೋಶರಿನಲ್ಲಿ ಇದನ್ನು ಯಾರೂ ಅಚ್ಚು ಹಾಕುವುದಿಲ್ಲ. ಸೇರುವವರು ಕಟ್ಟಡ, ರ‍್ಯಾಂಕ್ ನೋಡುವ ಬದಲು ಹಿಂದಿನ ಬ್ಯಾಚಿನ ನಾಲ್ಕು ಜನರಿಗೆ ಫೋನ್ ಮಾಡಿ ಈಗ ಏನು ಮಾಡ್ತಿದ್ದೀರಿ, ಸಂಬಳ ಯಾರು ಕೊಡ್ತಾರೆ, ಎಷ್ಟು ದಿನಕ್ಕೆ ಅಂತ ಕೇಳಿದರೆ ಸಾಕು.

ಈಗ ಕೊನೆಯ ಪ್ರಶ್ನೆ, ಜನಕ್ಕೆ ಏನಾಯಿತು? ನಮ್ಮ ಸರ್ವೆಯ ವರದಿ ಇಂಗ್ಲಿಷಿನಲ್ಲಿ ಬೈಂಡ್ ಆಯಿತು, ಅಂಕ ಬಂತು, ಲೈಬ್ರರಿ ಸೇರಿತು. ಆ ಊರಿನ ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಹೋಗಲಿಲ್ಲ. ವೈದ್ಯಾಧಿಕಾರಿ ಎರಡು ಸಲ ಕೇಳಿದ್ದರಂತೆ. ಟೆಂಟಿನ ಮಕ್ಕಳ ವಿಷಯ, ತವರಿನ ಕಾರ್ಡಿನ ವಿಷಯ ಅವರಿಗೆ ಆ ತಿಂಗಳೇ ಬೇಕಾಗಿತ್ತು ಅಲ್ವಾ? ಹಳ್ಳಿಯ ಆರೋಗ್ಯ, ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಬರುತ್ತದೆ, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಮಾತಾಡುವ ಸಭೆಯಲ್ಲಿ ನಮ್ಮಲ್ಲಿ ಒಬ್ಬರೂ ಕೂತಿರಲಿಲ್ಲ. ನಾನು ಕಡಿಮೆ ಅಂಕ ಕೊಡುವುದು ಇಲ್ಲಿ. ಒಂದೇ ಒಂದು ಅಂಕ.

ಸರಿ ಮಾಡಲು ಹೊಸ ಕಟ್ಟಡ, ಹೊಸ ಪೇಪರ್ ಏನೂ ಬೇಡ. ವೈವಾಗೆ ಮುಂಚೆ ಪ್ರತಿ ತಂಡವೂ ತನ್ನ ಲೆಕ್ಕವನ್ನು ಆ ಪಿಎಚ್‌ಸಿಯ ಸಭೆಯಲ್ಲಿ, ಆಶಾ ಅಕ್ಕಂದಿರ ಮುಂದೆ, ಕನ್ನಡದಲ್ಲಿ ಒಪ್ಪಿಸಿ ಬರಬೇಕು ಅಂತ ಒಂದು ನಿಯಮ ಮಾಡಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಸಭೆ ತಿಂಗಳಿಗೊಮ್ಮೆ ಇದ್ದೇ ಇರುತ್ತದೆ, ಅರ್ಧ ಗಂಟೆ ಕೇಳಿದರೆ ಯಾವ ವೈದ್ಯಾಧಿಕಾರಿಯೂ ಇಲ್ಲ ಅನ್ನಲಿಕ್ಕಿಲ್ಲ.