ನಾನು ಬರೆದ ಅಕ್ಕನ ಪರೀಕ್ಷೆ

ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದ ಪಕ್ಕ ಒಂದು ಸಣ್ಣ ಕೋಣೆ ಇತ್ತು. ಹರಿದ ನಕಾಶೆಗಳು, ಕಾಲು ಮುರಿದ ಬೆಂಚುಗಳು, ಒಂದು ಹಳೆಯ ಗ್ಲೋಬು. 2018ರ ದೀಪಾವಳಿ ರಜೆ ಮುಗಿದ ಮೇಲೆ ಮಾರ್ಚ್‌ವರೆಗೆ ನನ್ನ ಸಂಜೆಗಳೆಲ್ಲ ಅಲ್ಲೇ ಕಳೆದವು. ನಾನಾಗ ಒಂಬತ್ತನೇ ತರಗತಿ. ಎದುರಿಗೆ ಕೂರುತ್ತಿದ್ದವಳು ಹತ್ತನೇ ತರಗತಿಯ ಅಕ್ಕ. ಆಕೆಯ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಾನು ಬರೆಯಬೇಕಿತ್ತು.

ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಶಾಲೆಯಿಂದ ಫೋನ್ ಬಂದಾಗ ನನಗೆ ಬೇರೇನೂ ತೋಚಲಿಲ್ಲ. ಅಕ್ಕನನ್ನೇ ಕೇಳಿದೆ. "ಹೆಸರು ಹಾಕಬ್ಯಾಡ. ಉಳಿದದ್ದು ಎಲ್ಲಾ ಬರಿ," ಅಂದಳು. ಹಾಗಾಗಿ ಇಲ್ಲಿ ಆಕೆ ಬರೀ ಅಕ್ಕ.

ಅಕ್ಕನ ಮನೆಯಲ್ಲಿ ಕುಣಿ ಮಗ್ಗ ಇತ್ತು. ಇಳಕಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನ ಓದುಗರಿಗಾಗಿ ಒಂದು ಮಾತು: ನಮ್ಮ ಸೀರೆಯ ಸೆರಗಿನ ಹಾಸು, ಅಂದರೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ; ಮೈಯ ಹಾಸು ಬೇರೆ. ಸೆರಗಿನ ಒಂದೊಂದು ಎಳೆಯನ್ನೂ ಮೈಯ ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು. ತಾಳ್ಮೆ ಬೇಕು, ಕಣ್ಣು ಚುರುಕಾಗಿರಬೇಕು. ಅವ್ವನ ಪಕ್ಕ ಕೂತು ಅಕ್ಕ ಈ ಕೆಲಸ ಮಾಡುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಳೆ ತಪ್ಪಿದರೆ ಅವ್ವನಿಗಿಂತ ಮೊದಲು ಆಕೆಗೇ ಗೊತ್ತಾಗುತ್ತಿತ್ತು.

ಅದೇ ಕಣ್ಣಿಗೆ 'ಸೂರ್ಯ' ಎಂಬ ಪದ ಸಿಕ್ಕುತ್ತಿರಲಿಲ್ಲ.

ಕನ್ನಡವನ್ನು ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಕ್ಕನ ಜೊತೆ ಕೂತ ಮೇಲೆ ನನಗೆ ಆ ಮಾತು ಪೂರ್ತಿ ನಿಜ ಅನಿಸುವುದಿಲ್ಲ. 'ಸೂರ್ಯ' ಅನ್ನುವಾಗ ಬಾಯಲ್ಲಿ 'ರ' ಮೊದಲು ಬರುತ್ತದೆ. ಹಾಳೆಯ ಮೇಲೆ ಅರ್ಕಾವೊತ್ತು 'ಯ' ಆದ ಮೇಲೆ ಬರುತ್ತದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಗುಡಿಸು ಮೇಲೆ ಏರುತ್ತದೆ. ದೀರ್ಘ ಪಕ್ಕಕ್ಕೆ ನಿಲ್ಲುತ್ತದೆ. ನಮಗೆ ರೂಢಿಯಾಗಿರುವುದರಿಂದ ಇದೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ. ಅಕ್ಕ 'ಅಕ್ಕ' ಎಂಬ ಪದವನ್ನೇ ಒಂದು ಪುಟದಲ್ಲಿ ಮೂರು ಥರ ಬರೆಯುತ್ತಿದ್ದಳು. ಅಕ, ಅಕಾ, ಅಕ್. ಬೋರ್ಡ್ ನೋಡಿ ಬರೆದುಕೊಳ್ಳುವಾಗ ನಡುವೆ ಒಂದು ಸಾಲೇ ಮಾಯ. ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅದನ್ನು ನಾನು ಈಗ ಬಿ.ಎಡ್. ಓದುವಾಗ ನೋಡಿದೆ. ನಮ್ಮ ಅಕ್ಷರಗಳೆಲ್ಲ ಕೈವಶ ಆಗಲು ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ನಾಲ್ಕನೇ ತರಗತಿಯವರೆಗೆ ಬೇಕಾಗುತ್ತದೆ. ಹಾಗಿದ್ದರೆ ಅಕ್ಕನಂಥವರ ಪಾಡು ಹೇಗಿರಬೇಡ!

ಆಕೆ ಒಂದನೇ ತರಗತಿಗೆ ಸೇರಿದ್ದು 2009ರಲ್ಲಿ. ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂದ ವರ್ಷ ಅದು. ಕಾರ್ಡು, ಚಿತ್ರ, ಹಾಡು, ಆಟ. ಆ ಮೂರು ವರ್ಷ ಚೆನ್ನಾಗಿದ್ದವು ಅನ್ನುತ್ತಾಳೆ. ಚಿತ್ರ ನೋಡಿ ಹೇಳುತ್ತಿದ್ದಳು, ಹಾಡು ಕೇಳಿ ಬಾಯಿಪಾಠ ಮಾಡುತ್ತಿದ್ದಳು. ನಾಲ್ಕನೇ ತರಗತಿಯಲ್ಲಿ ದಪ್ಪ ಪುಸ್ತಕ ಕೈಗೆ ಬಂತು. ಅಲ್ಲಿಗೆ ನಿಂತುಹೋದಳು. ಆಮೇಲೆ ಎಂಟನೆಯದರ ತನಕ ಪಾಸ್ ಆಗುತ್ತಾ ಬಂದಳು, ದಡ್ಡಿ ಅನ್ನಿಸಿಕೊಳ್ಳುತ್ತಾ ಬಂದಳು. ಪೆಟ್ಟು ತಿಂದದ್ದೂ ಉಂಟು. ಮನೆಯಲ್ಲಿ ಅಪ್ಪ, "ಸಾಲಿ ಸಾಕು, ಮಗ್ಗದ ಮುಂದ ಕುಂದ್ರಲಿ," ಅನ್ನುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳು ದಿನಾ ಅಳುತ್ತಾ ಬಂದರೆ ಯಾವ ಅಪ್ಪನಾದರೂ ಅದನ್ನೇ ಹೇಳುತ್ತಾನೆ, ಅಲ್ವಾ?

ಇದನ್ನು ಕಂಡುಹಿಡಿದವರು ನಮ್ಮ ವಿಜ್ಞಾನದ ಟೀಚರ್. ಅಕ್ಕ ಆಗ ಒಂಬತ್ತನೇ ತರಗತಿ. 25 ಅಂಕದ ಕಿರುಪರೀಕ್ಷೆಯಲ್ಲಿ ಆಕೆ ಬರೆದದ್ದು ಮೂರೇ ಸಾಲು. ಆದರೆ ಕ್ಲಾಸಿನಲ್ಲಿ ಕೈ ಎತ್ತುತ್ತಿದ್ದವಳೂ ಅವಳೇ. ಟೀಚರ್ ಆ ಹಾಳೆ ಹಿಡಿದು ಅಕ್ಕನನ್ನು ಸ್ಟಾಫ್ ರೂಮಿಗೆ ಕರೆದರು. ಬೈಯಲಿಲ್ಲ. ಅದೇ ಪ್ರಶ್ನೆಗಳನ್ನು ಒಂದೊಂದಾಗಿ ಬಾಯಲ್ಲಿ ಕೇಳಿದರು. ಅಕ್ಕ ಎರಡು ಬಿಟ್ಟು ಎಲ್ಲದಕ್ಕೂ ಉತ್ತರ ಹೇಳಿದಳು.

"ಮತ್ತ ಬರದಿಲ್ಲ ಯಾಕ?"

"ಗೊತ್ತೈತ್ರಿ ಟೀಚರ್. ಬರಿಯಾಕ ಹೋದ್ರ ಅಕ್ಷರ ಓಡಿ ಹೋಗ್ತಾವ್ರಿ."

ಟೀಚರ್ ಆವತ್ತು ಆ ಹಾಳೆಗೆ ಅಂಕ ತಿದ್ದಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ 'ಬಾಯಲ್ಲಿ 19' ಎಂದು ಬರೆದರು. ಅಕ್ಕ ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದಾಳೆ.

ಮುಂದಿನ ಒಂದು ವರ್ಷದ ಓಡಾಟ ನಮಗೆ ಮಕ್ಕಳಿಗೆ ಗೊತ್ತಿರಲಿಲ್ಲ. ಹುನಗುಂದದ ಬಿಆರ್‌ಸಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ ಬಿಐಇಆರ್‌ಟಿ ಸರ್ ಒಬ್ಬರು ಬರುತ್ತಿದ್ದರು. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು. ಇಡೀ ಬ್ಲಾಕಿನ ಶಾಲೆಗಳನ್ನು ಸುತ್ತಬೇಕಾದ ಅವರು ನಮ್ಮಲ್ಲಿಗೆ ಬರುವುದೇ ಅಪರೂಪ. ಅವರೂ ಟೀಚರೂ ಸೇರಿ ಅಪ್ಪನಿಗೆ ತಿಳಿಸಿ ಹೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದೆ, 1995ರ ಕಾಯ್ದೆಯಲ್ಲಿ ಏಳೇ ಬಗೆ ಇದ್ದವು, ಈಗ 21 ಇವೆ, ಅದರಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ ಎಂದು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅಕ್ಕ ಎಂಟು ಮುಗಿಸಿ ಒಂಬತ್ತಕ್ಕೆ ಕಾಲಿಡುವ ಬೇಸಿಗೆ ಅದು. ಎರಡು ವರ್ಷ ಮುಂಚೆ ಹುಟ್ಟಿದ್ದರೆ ಈ ಕಥೆ ಇರುತ್ತಿತ್ತೋ ಇಲ್ಲವೋ.

ಅಪ್ಪ ಒಂದು ದಿನದ ಕೂಲಿ ಬಿಟ್ಟು ಮಗಳನ್ನು ಕರೆದುಕೊಂಡು ಹೋದ ಒಂದು ಕಚೇರಿಯಲ್ಲಿ, "ಕೈಕಾಲು ಚಲೋ ಅದಾವಲ್ಲ, ಯಾತರ ಅಂಗವಿಕಲತೆ ಇದು?" ಎಂದು ಕೇಳಿ ವಾಪಸ್ ಕಳಿಸಿದರು. ಎರಡನೇ ಸಲವೂ ಅದೇ ಆಯಿತು. ಅಮೀನಗಡದಲ್ಲಿ ಬಸ್ ನಿಂತಾಗ ಅಪ್ಪ ಏನೂ ಮಾತಾಡದೆ ಅರ್ಧ ಕಿಲೋ ಕರದಂಟು ತಂದು ಆಕೆಯ ಮಡಿಲಲ್ಲಿ ಇಟ್ಟರಂತೆ. ಅವರ ಬಗ್ಗೆ ಅಕ್ಕ ಮೊದಲು ಹೇಳುವ ಮಾತು ಅದೇ. ಕೊನೆಗೆ ಟೀಚರೇ ರಜೆ ಹಾಕಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಜೊತೆಯಲ್ಲಿ ಹೋದರು. ಅಲ್ಲಿ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು ಮಾಡಿದರು. ಓದಿಸಿದರು, ಬರೆಸಿದರು, ಲೆಕ್ಕ ಮಾಡಿಸಿದರು, ಬುದ್ಧಿಶಕ್ತಿಯನ್ನೂ ಅಳೆದರು. ಬುದ್ಧಿಗೆ ಏನೂ ಕೊರತೆ ಇರಲಿಲ್ಲ. ಓದು-ಬರಹಕ್ಕೆ ತೊಡಕಾಗುವ ಈ ಕಲಿಕಾ ನ್ಯೂನತೆಗೆ ಇರುವ ಡಿಸ್ಲೆಕ್ಸಿಯಾ ಎಂಬ ಪದವನ್ನು ಅಕ್ಕ ಕೇಳಿದ್ದು ಅವತ್ತೇ.

ಶಾಲೆಯಲ್ಲಿರುವ ಗುರುಗಳಿಗೆ ಒಂದು ಮಾತು ಹೇಳಲೇಬೇಕು. ಇಂಥ ಮಕ್ಕಳನ್ನು ಮೂರನೇ ತರಗತಿಯಲ್ಲೋ 8ನೇ ವಯಸ್ಸಿನಲ್ಲೋ ಶಾಲೆಯಲ್ಲೇ ಗುರುತಿಸಬೇಕು ಎಂದು 2018ರ ಜನವರಿಯ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ಅದರಂತೆ ಪ್ರಮಾಣಪತ್ರ 8 ವರ್ಷ ಆದ ಮೇಲೆಯೇ ಸಿಗುತ್ತಿತ್ತು. 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷಿಸಬೇಕಿತ್ತು. ಅಕ್ಕನಿಗೆ ಮೊದಲ ಪ್ರಮಾಣಪತ್ರ ಸಿಕ್ಕಾಗ 15. ಆ ಏಳು ವರ್ಷಗಳನ್ನು ಆಕೆಗೆ ಯಾರೂ ತಿರುಗಿ ಕೊಡಲಾರರು. ಕಳೆದ ತಿಂಗಳು ಪಾಠ ಅಭ್ಯಾಸಕ್ಕೆ ಹೋದ ಶಾಲೆಯಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಕಥೆಯನ್ನು ಸೊಗಸಾಗಿ ಹೇಳುತ್ತಾನೆ, ನೋಟ್‌ಬುಕ್ ಖಾಲಿ. ಬಾಯಿಗೂ ಹಾಳೆಗೂ ಇಷ್ಟು ಅಂತರ ಕಂಡರೆ ದಯವಿಟ್ಟು ಸೋಮಾರಿ ಎಂದು ಬರೆದುಹಾಕಬೇಡಿ. ಹತ್ತು ನಿಮಿಷ ಕೂರಿಸಿಕೊಂಡು ಬಾಯಲ್ಲಿ ಕೇಳಿ ನೋಡಿ.

ಟೀಚರ್ ಮಾಡಿದ್ದಕ್ಕೆ ದುಡ್ಡು ಬೇಕಿರಲಿಲ್ಲ. ಒತ್ತಕ್ಷರಗಳನ್ನೆಲ್ಲ ಕೆಂಪು ಬಣ್ಣದಲ್ಲಿ ಬರೆದ ದೊಡ್ಡ ಕಾರ್ಡುಗಳು. ಓದುವ ಸಾಲಿನ ಕೆಳಗೆ ಇಡಲು ರಟ್ಟಿನ ಪಟ್ಟಿ. ಮರಳು ಹರವಿದ ತಟ್ಟೆಯಲ್ಲಿ, ಬಾಯಲ್ಲಿ ಹೇಳುತ್ತಾ ಬೆರಳಿನಿಂದ ಬರೆಯುವುದು. ಪಾಠಗಳನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಟ್ಟರು. ಅಕ್ಕ ಕೊಂಡಿ ಹಾಕುತ್ತಾ ಅವನ್ನು ಕೇಳುತ್ತಿದ್ದಳು. ಆಕೆಯ ಅವ್ವನಿಗೂ ಹತ್ತನೇ ತರಗತಿಯ ಸಮಾಜ ವಿಜ್ಞಾನ ಪೂರ್ತಿ ಬಾಯಿಗೆ ಬಂದಿತ್ತು!

ಬರೆಯುವವಳಾಗಿ ನನ್ನನ್ನು ಆರಿಸಿದ್ದು ಅಕ್ಷರ ದುಂಡಗಿದೆ ಎಂದು. ಸ್ಕ್ರೈಬ್, ಅಂದರೆ ಪರೀಕ್ಷೆಯಲ್ಲಿ ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಡುವವರು, ಕೆಳಗಿನ ತರಗತಿಯವರೇ ಇರಬೇಕಿತ್ತು. ಉತ್ತರ ಗೊತ್ತಿದ್ದರೆ ತಾವೇ ಬರೆದುಬಿಡುತ್ತಾರಲ್ಲ, ಅದಕ್ಕೆ. ನಮ್ಮವ್ವ ಹೆದರಿದಳು. "ಮಂದಿ ಪರೀಕ್ಷಿ ಕೆಡಿಸಿದ್ರ ಪಾಪ ಬರ್ತೈತಿ." ನನಗೂ ಅದೇ ಭಯ.

ಅಭ್ಯಾಸ ಇಲ್ಲದೆ ಇದು ಆಗುವ ಕೆಲಸ ಅಲ್ಲ. ಮೊದಲ ವಾರ ನಾವಿಬ್ಬರೂ ಜಗಳ ಆಡಿದೆವು. ಆಕೆ ಹೇಳುವ ವೇಗಕ್ಕೆ ನನ್ನ ಕೈ ಓಡುತ್ತಿರಲಿಲ್ಲ. ನಾನು ಪ್ರಶ್ನೆಯನ್ನು ಬಡಬಡ ಓದಿಬಿಡುತ್ತಿದ್ದೆ. ಕ್ರಮೇಣ ದಾರಿ ಸಿಕ್ಕಿತು. ಪ್ರಶ್ನೆಯನ್ನು ಎರಡು ಸಲ ನಿಧಾನ ಓದುವುದು. ಆಕೆ ಕಣ್ಣು ಮುಚ್ಚಿ ಕೇಳುವುದು. ಹೇಳಿದ್ದನ್ನಷ್ಟೇ ಬರೆಯುವುದು, ತಪ್ಪು ಅನಿಸಿದರೂ ತಿದ್ದಬಾರದು. ಹೊಸ ಸಾಲು ಬೇಕೆಂದರೆ ಬೆರಳಿನ ಗೆಣ್ಣಿನಿಂದ ಬೆಂಚಿಗೆ ಒಂದು ಸಲ ಟಕ್ ಅನ್ನಿಸುತ್ತಿದ್ದಳು. ರೇಖಾಗಣಿತ ಎಲ್ಲಕ್ಕಿಂತ ಕಷ್ಟ. ವೃತ್ತಕ್ಕೆ ಸ್ಪರ್ಶಕ ಎಳೆಯುವುದು ನನಗೆ ಗೊತ್ತೇ ಇರಲಿಲ್ಲ. ಕಂಪಾಸ್ ಎಲ್ಲಿ ಊರಬೇಕು, ಎಷ್ಟು ತೆರೆಯಬೇಕು, ಕಂಸ ಎಲ್ಲಿ ಕತ್ತರಿಸಬೇಕು, ಆಕೆ ಮಾತಿನಲ್ಲೇ ಹೇಳುತ್ತಿದ್ದಳು. ಕೊನೆಯ ಗೆರೆ ಎಳೆದಾಗ ಸ್ಪರ್ಶಕ ಸರಿಯಾಗಿ ಬಂದಿರುತ್ತಿತ್ತು. ಆ ಚಿತ್ರ ಅಷ್ಟು ಹೊತ್ತೂ ಆಕೆಯ ತಲೆಯಲ್ಲಿತ್ತು.

2019ರ ಮಾರ್ಚ್. ಬೇರೆ ಕೋಣೆ, ಒಬ್ಬ ಮೇಲ್ವಿಚಾರಕರು, ನಾವಿಬ್ಬರು. ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಮೂರು ತಾಸಿಗೆ ಒಂದು ತಾಸು ಹೆಚ್ಚು ಸಮಯ. ಉಳಿದವರೆಲ್ಲ ಹೊರಗೆ ಬಂದು ಉತ್ತರ ಹೋಲಿಸುವ ಗದ್ದಲ ಕಿಟಕಿಯಿಂದ ಕೇಳುತ್ತಿತ್ತು. ನಾವು ಇನ್ನೂ ಬರೆಯುತ್ತಿದ್ದೆವು.

ವಿಜ್ಞಾನದ ದಿನ ಅಕ್ಕ, "ವಿದ್ಯುತ್ಕಾಂತೀಯ ಪ್ರೇರಣೆ," ಅಂದಳು. ನನ್ನ ಪೆನ್ನು ನಿಂತಿತು. ತ-ಗೆ ಕ ಒತ್ತೋ, ಕ-ಗೆ ತ ಒತ್ತೋ? ಕೇಳುವಂತಿಲ್ಲ. ಕೇಳಿದರೂ ಆಕೆ ಏನು ಹೇಳಬೇಕು? ತಲೆ ಎತ್ತಿದೆ. ಆಕೆಗೆ ಅರ್ಥವಾಯಿತು. ಮತ್ತೊಮ್ಮೆ ಅದೇ ಪದವನ್ನು ಬಿಡಿಸಿ ಹೇಳಿದಳು. ವಿ. ದ್ಯುತ್. ಕಾಂ. ತೀ. ಯ. ಟೀಚರ್ ಮರಳಿನ ಮೇಲೆ ಬರೆಸುವಾಗ ಹೇಳಿಕೊಟ್ಟಿದ್ದ ಹಾಗೆ. ಕೇಳಿದ ಸದ್ದನ್ನೇ ಹಿಡಿದು ಬರೆದೆ. ಸರಿ ಇತ್ತು. ಅಕ್ಷರ ಓಡಿಹೋಗುವುದು ಅಂದರೇನು ಎಂದು ಆ ಅರ್ಧ ನಿಮಿಷದಲ್ಲಿ ನನಗೆ ಸ್ವಲ್ಪ ಗೊತ್ತಾಯಿತು. ಅಕ್ಕನಿಗೆ ಅದು ಪ್ರತಿ ಪದಕ್ಕೂ ಆಗುತ್ತಿತ್ತು.

ಆಕೆ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಟೀಚರ್ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅತ್ತರು. ಅಪ್ಪ ಎಲ್ಲರಿಗೂ ಕರದಂಟು ಹಂಚಿದರು.

ಈಗ ಅಕ್ಕ ಸೀರೆಗಳಿಗೆ ಹೊಸ ದಡಿ, ಹೊಸ ಬಣ್ಣದ ವಿನ್ಯಾಸ ಮಾಡುತ್ತಾಳೆ. ಓದುವುದು ಇಂದಿಗೂ ನಿಧಾನವೇ. ವಾಟ್ಸ್ಆ್ಯಪ್‌ನಲ್ಲಿ ಅವಳದು ಯಾವಾಗಲೂ ವಾಯ್ಸ್ ಮೆಸೇಜು. ನಿನ್ನೆ ರಾತ್ರಿ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಎಳೆ, ಕೊಂಡಿ, ಮಗ್ಗದ ಮಾತು ಮುಗಿದು 'ಸೂರ್ಯ' ಎಂಬ ಪದ ಬಂದಾಗ ಆ ಕಡೆಯಿಂದ ಟಕ್ ಎಂದು ಸದ್ದು ಕೇಳಿಸಿತು.

ಅಲ್ಲಿ ಹೊಸ ಸಾಲು ಮಾಡಿದ್ದೇನೆ.