ಕುಂದಗೋಳದಲ್ಲಿ ನಸುಕಿನ ಲಲಿತ

ಲಲಿತ ರಾಗವನ್ನು ನಾನು ಅಲ್ಲಿಯವರೆಗೆ ಕೇಳಿದ್ದೆಲ್ಲ ಮೊಬೈಲಿನಲ್ಲೇ. ಅದೂ ಬೆಳಿಗ್ಗೆ ಒಂಬತ್ತಕ್ಕೆ, ಆಫೀಸಿಗೆ ಹೋಗುವಾಗ, ಟ್ರಾಫಿಕ್ಕಿನ ಮಧ್ಯೆ. ರಾತ್ರಿ ಮುಗಿದು ಬೆಳಕು ಹರಿಯುವುದರೊಳಗೆ ಹಾಡಬೇಕಾದ ರಾಗ ಅದು. ಬೆಂಗಳೂರಿನಲ್ಲಿ ಕಛೇರಿಗಳು ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯುತ್ತವೆ. ಕೊನೇ ಮೆಟ್ರೋ ಹಿಡಿಯಬೇಕು, ಮರುದಿನ ಕೆಲಸ ಇರುತ್ತೆ, ಯಾರನ್ನೂ ದೂರುವ ಹಾಗಿಲ್ಲ. ಹೀಗಾಗಿ ನಮ್ಮ ಪಾಲಿನ ಹಿಂದುಸ್ತಾನಿ ಸಂಗೀತ ಅಂದರೆ ಸಂಜೆ, ರಾತ್ರಿಯ ರಾಗಗಳಾದ ಮಾರ್ವಾ, ಯಮನ್, ಬಾಗೇಶ್ರೀ. ಹೆಚ್ಚೆಂದರೆ ನಡುರಾತ್ರಿಯ ಮಾಲಕಂಸ, ಅದೂ ಹೊತ್ತಿಗೆ ಮುಂಚೆ.

ಕುಂದಗೋಳಕ್ಕೆ ಹೋಗುವ ಆಸೆ ಹಳೆಯದು. ಆ ಊರಿನ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿಯ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತೆ. ನಾನು ಹೊರಟಿದ್ದು ಹೊರಗಿನಿಂದ ಬರಲಿದ್ದ ಒಬ್ಬ ದೊಡ್ಡ ಗಾಯಕರನ್ನು ಕೇಳೋಕೆ. ಈ ಬರಹದಲ್ಲಿ ಅವರ ಪಾಲು ನಾಲ್ಕು ಸಾಲು ಮಾತ್ರ.

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಸಾಮಾನು ಹೊತ್ತು ನಡೆಯುವವರಿಗೆ ಇದು ಹೆಮ್ಮೆಯ ವಿಷಯ ಅನ್ನಿಸೋದು ಕಷ್ಟ. ಅಲ್ಲಿಂದ ಕುಂದಗೋಳ ಸುಮಾರು 20 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ. ಆದರೂ ನಾನು ಹಟ ಹಿಡಿದು ಪ್ಯಾಸೆಂಜರ್ ರೈಲಿಗೇ ಕಾದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ಹಳಿಯ ಮೇಲೆ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಸಂಗೀತಕ್ಕೆ ಅಂತ ಹೀಗೆ ಓಡಾಡಿದರೆ ಊರಿನವರು ಸುಮ್ನೆ ಇರುತ್ತಿದ್ದರಾ? ಕಿಟಕಿಯಾಚೆ ಎರೆ ಹೊಲ, ಮೆಣಸಿನ ಗಿಡ, ಹತ್ತಿ. ಹಿಂದಿನ ದಿನದ ಮಳೆಗೆ ಮಣ್ಣು ಕರಿ ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ರೈಲು ತಡವಾಯಿತು. ಬಸ್ಸಿನಲ್ಲಿ ಹೋಗಿದ್ದರೆ ಅಷ್ಟೊತ್ತಿಗೆ ಊಟವೂ ಮುಗಿದಿರುತ್ತಿತ್ತು ಅನ್ನೋದು ಬೇರೆ ಮಾತು.

ಕುಂದಗೋಳ ಈಗ ಧಾರವಾಡ ಜಿಲ್ಲೆಯ ಒಂದು ತಾಲೂಕು ಊರು. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಶಂಭುಲಿಂಗೇಶ್ವರ ದೇವಸ್ಥಾನ ನೋಡಲೇಬೇಕಾದದ್ದು. ಕತ್ತಲಾಗುತ್ತಿದ್ದುದರಿಂದ ಹೊರಗಿನಿಂದ ಒಂದು ಸುತ್ತು ಬಂದು ಬಿಟ್ಟೆ. ಸವಾಯಿ ಗಂಧರ್ವರ ನಿಜವಾದ ಹೆಸರು ರಾಮಚಂದ್ರ, ಮನೆಯವರಿಗೆ ರಾಮಭಾವು. 1886ರಲ್ಲಿ ಹುಟ್ಟಿದವರು. ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರ ಶಿಷ್ಯ. ನಾಟಕ ಕಂಪನಿಗಳಲ್ಲಿ ಹೆಣ್ಣು ಪಾತ್ರ ಮಾಡಿ ಹೆಸರಾದರು. ಸಲೀಸಾಗಿ ಬಾಗುವ ಕಂಠ ಅವರದಾಗಿರಲಿಲ್ಲ, ದುಡಿದು ದುಡಿದು ಪಳಗಿಸಿದ್ದು ಅನ್ನುತ್ತಾರೆ. ಗದಗಿನಿಂದ ಮನೆ ಬಿಟ್ಟು ಓಡಿಹೋಗಿದ್ದ ಹುಡುಗ ಭೀಮಸೇನ ಜೋಶಿ ಊರೂರು ಅಲೆದು ಕೊನೆಗೆ ಬಂದು ನಿಂತಿದ್ದು ಇವರ ಮನೆಯಲ್ಲಿ. ಬಸವರಾಜ ರಾಜಗುರು ಇವರ ಹತ್ತಿರ ಕಲಿತರು, ಮುಂಬೈನ ಪಾರ್ಸಿ ಗಾಯಕ ಫಿರೋಜ್ ದಸ್ತೂರ್ ಕೂಡ. ಇಷ್ಟು ಸಣ್ಣ ಊರು!

ಸಂಜೆ ಮಕ್ಕಳು ಹಾಡಿದರು. ಎಂಟು, ಹತ್ತು ವರ್ಷದವರು. ಒಬ್ಬ ಹುಡುಗ ಹಾಡುವಾಗ ತನಗೇ ಸಮ್, ಅಂದರೆ ತಾಳದ ಮೊದಲ ಪೆಟ್ಟು, ತಪ್ಪಿದಾಗಲೆಲ್ಲ ತಬಲಾದವರ ಕಡೆ ತಿರುಗಿ ಕೋಪದಿಂದ ನೋಡುತ್ತಿದ್ದ. ಆಮೇಲೆ ಹೊರಗೆ ಹೋಗಿ ಮಿರ್ಚಿ, ಗಿರ್ಮಿಟ್ ತಿಂದೆ. ಮಿರ್ಚಿ ವಿಷಯದಲ್ಲಿ ನಾವು ದಕ್ಷಿಣದವರು ಬಾಯಿ ಮುಚ್ಚಿಕೊಂಡಿರೋದು ಒಳ್ಳೇದು. ನಮ್ಮ ಮೆಣಸಿನಕಾಯಿ ಬಜ್ಜಿಯಲ್ಲಿ ಹಿಟ್ಟೇ ಜಾಸ್ತಿ.

ನಾನು ಕೇಳೋಕೆ ಬಂದಿದ್ದ ದೊಡ್ಡ ಗಾಯಕರು ರಾತ್ರಿ ಹನ್ನೊಂದರ ಮೇಲೆ ಕೂತರು. ಚೆನ್ನಾಗಿ ಹಾಡಿದರು. ತಾನಗಳು, ಅಂದರೆ ವೇಗದ ಸ್ವರಗಳ ಸಾಲುಗಳು, ಜಲಪಾತದಂತೆ ಸುರಿದವು, ಚಪ್ಪಾಳೆಯೂ ಹಾಗೇ. ಮುಂದೆ ಕೂತಿದ್ದ ಕಾರಿನ ಜನ ಎಲ್ಲ ಮೊಬೈಲ್ ಎತ್ತಿ ಹಿಡಿದಿದ್ದರಿಂದ ನಾನು ಗಾಯಕರನ್ನು ನೋಡಿದ್ದು ಸಣ್ಣ ಸಣ್ಣ ಪರದೆಗಳಲ್ಲಿ. ಅವರ ಹಾಡು ಮುಗಿದಿದ್ದೇ ಮುಂದಿನ ಸಾಲುಗಳೂ ಖಾಲಿ.

ನನಗೂ ಕಣ್ಣು ಎಳೆಯುತ್ತಿತ್ತು. ಬ್ಯಾಗು ತಲೆಗಿಟ್ಟುಕೊಂಡು ಗೋಡೆಗೆ ಒರಗಿದೆ. ಪಕ್ಕದಲ್ಲಿ ಒಬ್ಬರು ಅಜ್ಜ. ಬಿಳಿ ಟೊಪ್ಪಿಗೆ, ಧೋತರ, ಹೆಗಲ ಮೇಲೆ ಕಂಬಳಿ. ಸಂಜೆಯಿಂದ ಕೂತ ಜಾಗ ಬಿಟ್ಟು ಅಲ್ಲಾಡಿರಲಿಲ್ಲ.

"ಮಲಗ್ತೀರೇನ್ರೀ?" ಅಂದರು.

"ಇಲ್ಲ ಅಜ್ಜ, ಸುಮ್ನೆ ಹೀಗೆ."

"ಯಾವೂರ್ರೀ?"

"ಬೆಂಗಳೂರು."

"ಅಷ್ಟು ದೂರದಿಂದ ಬಂದು ಮಲಗಬ್ಯಾಡ್ರಿ. ನಮ್ಮ ಮಾಸ್ತರು ಇನ್ನೂ ಹಾಡೇ ಇಲ್ಲ."

ಯಾವ ಮಾಸ್ತರು ಅಂದೆ. ಹತ್ತಿರದ ಹಳ್ಳಿಯ ಸಾಲಿ ಮಾಸ್ತರಂತೆ. ಆಗ ಹಾಡಿಹೋದವರು ಹೇಗಿದ್ದರು ಅಂತ ಕೇಳಿದೆ. ಅಜ್ಜ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದರು.

"ಛಲೋ ಹಾಡಿದ್ರು. ಇಲ್ಲಂತ ಯಾರು ಅಂದ್ರು? ಆದ್ರ ಭಾಳ ಅವಸರ ಮಾಡಿದ್ರು. ಸಾ ಹಚ್ಚಿ ಒಂದೀಟು ನಿಂದರಬೇಕಲ್ರೀ. ಬಸ್ ಹಿಡಿಯಾಕ ಹೊಂಟವ್ರಂಗ ಹಾಡಿದ್ರ ಹೆಂಗ?"

"ನಿಮಗೆ ಸಂಗೀತ ಬರುತ್ತಾ ಅಜ್ಜ?"

"ನನಗೇನು ಬರ್ತೈತಿ? ಮೆಣಸಿನಕಾಯಿ ಬೆಳಿಯಾಂವ ನಾ. ಹಾಡಾಕ ಬರೂದಿಲ್ಲ. ಕೇಳಾಕ ಬರ್ತೈತಿ."

ಇಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಮಲಗಿಯೇ ಬಿಡುತ್ತಿದ್ದೆನೋ ಏನೋ. ಅಜ್ಜ ಬಿಡಲಿಲ್ಲ. ಸಣ್ಣವರಿದ್ದಾಗ ಅಪ್ಪನ ಜತೆ ಬರುತ್ತಿದ್ದರಂತೆ. ನಿದ್ದೆ ಹತ್ತಿದರೆ ಅಪ್ಪ ತೊಡೆ ಚಿವುಟುತ್ತಿದ್ದರಂತೆ. ಭೀಮಣ್ಣ ಹಾಡುವಾಗ ಮಾತ್ರ ಚಿವುಟುವ ಕೆಲಸ ಬೀಳುತ್ತಿರಲಿಲ್ಲ. ಇಲ್ಲಿಯವರಿಗೆ ಭೀಮಸೇನ ಜೋಶಿ ಇವತ್ತಿಗೂ ಭೀಮಣ್ಣನೇ, ಪಂಡಿತ ಗಿಂಡಿತ ಏನೂ ಇಲ್ಲ.

"ನಿಮ್ಮ ಬೆಂಗಳೂರಾಗ ಹಿಂಗ ಹಾಡಸ್ತಾರೇನ್ರೀ?"

"ಹಾಡಸ್ತಾರೆ. ದೊಡ್ಡ ದೊಡ್ಡ ಹಾಲ್ ಇವೆ."

"ಎಷ್ಟೊತ್ತಿಗೆ ಮುಗೀತೈತಿ?"

"ಒಂಬತ್ತೂವರೆಗೆ."

ಅಜ್ಜ ನನ್ನ ಮುಖ ನೋಡಿದರು. "ಮತ್ತ ಮಾಲಕಂಸ ಯಾವಾಗ ಹಾಡ್ತಾರ?"

"ಎಂಟು, ಎಂಟೂವರೆಗೆ."

ಅವರು ನಗೋಕೆ ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಹತ್ತಿತು. ಹಿಂದೆ ತಿರುಗಿ ಯಾರಿಗೋ "ಕೇಳಿಲ್ಲಿ, ಬೆಂಗಳೂರಾಗ ಎಂಟಕ್ಕ ಮಾಲಕಂಸ ಅಂತ" ಅಂದರು. ಆ ಸಾಲಿನಲ್ಲಿ ಕೂತಿದ್ದವರೂ ನಕ್ಕರು. ಇಡೀ ಬೆಂಗಳೂರಿನ ಪರವಾಗಿ ನಾನೊಬ್ಬನೇ ತಲೆ ತಗ್ಗಿಸಿ ಕೂರಬೇಕಾಯಿತು.

"ಅದಕ್ಕ ಹೊತ್ತು ಐತ್ರೀ. ಮಂದಿ ಎಲ್ಲಾ ಮಲಗಿರಬೇಕು. ಈಗ ನೋಡ್ರಿ, ಮಾಸ್ತರು ಲಲತ ಹಾಡ್ತಾರ. ಪ್ರತಿ ಸಲ ಅವರಿಗೆ ಇದಽ ಹೊತ್ತು ಬರ್ತೈತಿ. ಯಾರೂ ಒಲ್ಲೆ ಅಂದ ಹೊತ್ತು ಇದು."

ಬೆಳಗಿನ ನಾಲ್ಕು ದಾಟಿತ್ತು. ಖಾಲಿಯಾದ ಮುಂದಿನ ಸಾಲಿಗೆ ನನ್ನನ್ನು ಅಜ್ಜ ಎಬ್ಬಿಸಿಕೊಂಡು ಹೋದರು. ವೇದಿಕೆಯಿಂದ ನಾಲ್ಕೇ ಮೊಳ ದೂರ.

ಮಾಸ್ತರು ನಲವತ್ತರ ಆಸುಪಾಸಿನವರು. ಇಸ್ತ್ರಿ ಮಾಡಿದ ಜುಬ್ಬಾ, ಜೇಬಿನಲ್ಲಿ ಪೆನ್ನು. ಮೊದಲ ಕಾಲು ಗಂಟೆ ಹೋದದ್ದು ತಂಬೂರಿ ಕೂಡಿಸೋದರಲ್ಲೇ. ಲಲಿತದಲ್ಲಿ ಪಂಚಮ ಇಲ್ಲ. ಹಾಗಾಗಿ ಪಂಚಮಕ್ಕಿದ್ದ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. ಬಿರಡೆ ಸಡಿಲಿಸಿದಾಗ ತಂತಿ ಗೊರ್ ಅಂತು. ಇಳಿಸಿದ ತಂತಿ ತಟ್ಟನೆ ನಿಲ್ಲೋದಿಲ್ಲ, ಮತ್ತೆ ಮತ್ತೆ ಜಾರುತ್ತೆ. ಮಾಸ್ತರು ಅದನ್ನು ಹಿಡಿದರು, ಅದು ಜಾರಿತು, ಮತ್ತೆ ಹಿಡಿದರು. ಆಮೇಲೆ ಬುರುಡೆಯ ಮೇಲೆ ಬಾಗಿ ತಂತಿಗಳನ್ನು ಹೊತ್ತ ಕುದುರೆಯ ಹತ್ತಿರದ ಜವಾರಿ ದಾರವನ್ನು, ಝೇಂಕಾರ ಬರಿಸುವ ಎಳೆಯನ್ನು, ಉಗುರಿನ ತುದಿಯಿಂದ ಕೂದಲೆಳೆಯಷ್ಟು ಸರಿಸಿದರು. ಅಲ್ಲಿಯವರೆಗೆ ಟಣ್ ಅಂತಿದ್ದ ತಂತಿ ಒಮ್ಮೆಲೇ ಝೇಂಕರಿಸಿತು. ಹಾಲ್‌ಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆ ಇಟ್ಟು ಮುಂದುವರಿಯುವವರಿಗೆ ಇದೆಲ್ಲ ಸಮಯ ಹಾಳು. ಆ ಪೆಟ್ಟಿಗೆಯ ಮೇಲೆ ನನಗೆ ಮೊದಲೂ ಪ್ರೀತಿ ಇರಲಿಲ್ಲ, ಈಗಂತೂ ಇಲ್ಲವೇ ಇಲ್ಲ.

ತಬಲಾಕ್ಕೆ ಕೂತವರದು ಊರಿನಲ್ಲಿ ಗೊಬ್ಬರ, ಬೀಜದ ಅಂಗಡಿ. ಹಾರ್ಮೋನಿಯಂನವರು ಭಜನಾ ಮಂಡಳಿಯ ಹಿರಿಯರು, ಸಂಜೆ ಮಕ್ಕಳಿಗೂ ಅವರೇ ನುಡಿಸಿದ್ದು. ವಿಲಂಬಿತ, ಅಂದರೆ ತೀರಾ ನಿಧಾನದ, ಏಕತಾಲ. ಹನ್ನೆರಡು ಮಾತ್ರೆಯ ಒಂದು ಆವರ್ತ ಮುಗಿಯೋದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ ತಬಲಾದವರು ನಡುವೆ ಒಮ್ಮೆ ಅಂಗೈ ಒರೆಸಿಕೊಂಡರು.

ಲಲಿತದ ಜೀವ ಇರೋದು ಎರಡು ಮಧ್ಯಮಗಳಲ್ಲಿ. ಶುದ್ಧ ಮತ್ತು ಅದರ ಮೇಲಿನ ತೀವ್ರ, ಎರಡೂ ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ. ಬೇರೆ ರಾಗಗಳಲ್ಲಿ ಹೀಗೆ ಬರೋದು ಅಪರೂಪ. ಇದನ್ನು ನಾನು ಓದಿದ್ದೆ, ಮೊಬೈಲಿನಲ್ಲಿ ಕೇಳಿಯೂ ಇದ್ದೆ. ಅಲ್ಲಿ ಕೂತು ನೋಡಿದ್ದು ಬೇರೆ. ಮಾಸ್ತರು ಹಾಡಿದ್ದು ಕಾಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯನ್ನು ಸಾ ಮಾಡಿಕೊಂಡು. ಆ ಶ್ರುತಿಗೆ ಶುದ್ಧ ಮಧ್ಯಮ ಕರಿ ಮನೆ, ತೀವ್ರ ಮಧ್ಯಮ ಅದರ ಪಕ್ಕದ ಬಿಳಿ ಮನೆ. ಹಾರ್ಮೋನಿಯಂ ಅಜ್ಜರ ಎರಡು ಬೆರಳು ಆ ಎರಡು ಮನೆಗಳ ಮೇಲೆ ಕಾದು ಕೂತಿದ್ದವು. ಮಾಸ್ತರು ಗಾಂಧಾರದಲ್ಲಿ ನಿಂತರು. ಶುದ್ಧ ಮಧ್ಯಮಕ್ಕೆ ಬಂದರು, ಅಲ್ಲೇ ನಿಂತರು. ತಂಬೂರಿಯ ಮಧ್ಯಮ ಅದನ್ನು ತಬ್ಬಿಕೊಂಡಿತು. ಯಾವ ಅವಸರವೂ ಇಲ್ಲ. ಬೆರಳು ಕಾದೇ ಕಾದವು. ಆಮೇಲೆ ತೀವ್ರಕ್ಕೆ ಒಂದು ಸಲ ಸೋಕಿ, ಮತ್ತೆ ಶುದ್ಧಕ್ಕೆ ಇಳಿದು, ಗಾಂಧಾರಕ್ಕೆ ಬಂದರು. ಹಾರ್ಮೋನಿಯಂನವರು ನುಡಿಸಲೇ ಇಲ್ಲ. ಬೆರಳು ಎತ್ತಿಬಿಟ್ಟರು. ನನ್ನ ಪಕ್ಕದಲ್ಲಿ ಅಜ್ಜ ತೊಡೆ ಮೇಲೆ ಅಂಗೈ ಬಡಿದು "ಹಾಂ, ಇದು" ಅಂದರು.

ಧ್ವನಿ ದೊಡ್ಡದಲ್ಲ. ಮೇಲಿನ ಷಡ್ಜಕ್ಕೆ ಹೋದಾಗ ಸ್ವಲ್ಪ ಒಡೆಯುತ್ತಿತ್ತು. ಕೊನೆಯ ವೇಗದ ಭಾಗ ದ್ರುತದ ತಾನಗಳು ಸಾಧಾರಣ. ಇದನ್ನು ಹೇಳದೆ ಬಿಟ್ಟರೆ ಸುಳ್ಳು ಹೊಗಳಿಕೆ ಆಗುತ್ತೆ. ಆದರೆ ಒಂದು ಸ್ವರದ ಮೇಲೆ ನಿಂತು, ಇನ್ನೊಂದಕ್ಕೆ ಹೋಗಲೋ ಬೇಡವೋ ಅಂತ ನಮ್ಮನ್ನೆಲ್ಲ ಕಾಯಿಸಿದ್ದು ಇದೆಯಲ್ಲ, ಅದನ್ನು ನಾನು ದುಬಾರಿ ಟಿಕೆಟ್ ಕೊಟ್ಟೂ ಕೇಳಿಲ್ಲ. ಕೇಳುತ್ತಿದ್ದವರು ಆಗ ನೂರು ಜನ ಇದ್ದರೋ ಇಲ್ಲವೋ. ಅವರಲ್ಲಿ ಒಬ್ಬರೂ ಮೊಬೈಲ್ ಎತ್ತಲಿಲ್ಲ.

ಮುಗಿದ ಮೇಲೆ ಹೊರಗೆ ಚಹಾ ಅಂಗಡಿಯಲ್ಲಿ ಮೂವರೂ ಸಿಕ್ಕರು. ಮಾಸ್ತರಿಗೆ ಹೊಗಳಿಕೆ ಕೇಳೋಕೆ ಪುರುಸೊತ್ತಿರಲಿಲ್ಲ. ಒಂಬತ್ತೂವರೆಗೆ ಶಾಲೆ, ಬಿಸಿಯೂಟದ ಲೆಕ್ಕ ಬೇರೆ ಬರೆಯಬೇಕಂತೆ. ದಿನಾ ಎಷ್ಟೊತ್ತಿಗೆ ರಿಯಾಜ್ ಮಾಡ್ತೀರಿ ಅಂದೆ. "ನಾಕಕ್ಕ ಏಳ್ತೀನ್ರೀ. ಆಮ್ಯಾಲೆ ಮಕ್ಕಳು ಏಳ್ತಾವ, ನಳ ಬರ್ತೈತಿ, ಆಗೂದಿಲ್ಲ. ಅದಕ್ಕ ನನಗ ಲಲತ, ಭೈರವ ಇವಽ ರಾಗ ಕೈ ಹತ್ತ್ಯಾವ. ಸಂಜಿ ರಾಗ ಕೇಳಿದ್ರ ನಾ ಸಿಕ್ಕೊಂತೀನಿ" ಅಂತ ನಕ್ಕರು. ಗೊಬ್ಬರದ ಅಂಗಡಿಯವರು ಚಹಾದ ದುಡ್ಡು ನನಗೆ ಕೊಡಗೊಡಲಿಲ್ಲ.

ಇಲ್ಲಿಗೆ ಖುಷಿಯ ಭಾಗ ಮುಗಿಯಿತು. ಹುಬ್ಬಳ್ಳಿಯಲ್ಲಿ ಒಂದು ಲಾಡ್ಜಿಗೆ ಮುಂಗಡ ಪೂರ್ತಿ ದುಡ್ಡು ಕಟ್ಟಿದ್ದೆ. ಬೆಳಗಿನ ಜಾವ ಬರ್ತೀನಿ ಅಂತ ಫೋನ್ ಮಾಡಿ ಹೇಳಿದ್ದೆ, ಅವರು ಆಯ್ತು ಅಂದಿದ್ದರು. ಏಳು ಗಂಟೆಗೆ ಹೋಗಿ ನಿಂತರೆ, "ರಾತ್ರಿ ಬರಲಿಲ್ಲಂತ ರೂಮ್ ಬ್ಯಾರೇದವರಿಗೆ ಕೊಟ್ಟೀವ್ರಿ." ಫೋನಿನಲ್ಲಿ ಮಾತಾಡಿದವರ ಡ್ಯೂಟಿ ಮುಗಿದಿತ್ತಂತೆ. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಅಹೋರಾತ್ರಿ ಸಂಗೀತಕ್ಕೆ ಹೋಗುವವರು ಮಧ್ಯಾಹ್ನವೇ ರೂಮಿಗೆ ಹೋಗಿ, ರಿಜಿಸ್ಟರಿಗೆ ಸಹಿ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡೇ ಕುಂದಗೋಳದ ಕಡೆ ಮುಖ ಮಾಡಿ. ಒಳಗೆ ಹೋದ ಹೊತ್ತಿನಿಂದ 24 ತಾಸು ಲೆಕ್ಕ ಹಾಕುವ ಲಾಡ್ಜುಗಳಿವೆ, ಅಂಥದ್ದೇ ಹುಡುಕಿ. ಕಂಬಳಿ ಅಥವಾ ದಪ್ಪ ಚಾದರ ಇರಲಿ. ಎರಡು ಗಂಟೆಯ ಮೇಲೆ ನೆಲ ಕೊರೆಯುತ್ತೆ.

ಧಾರವಾಡದಲ್ಲಿ ಗೆಳೆಯನ ಮನೆ ಸೇರಿ ಮಧ್ಯಾಹ್ನದವರೆಗೆ ಮಲಗಿದೆ. ಎದ್ದಾಗ ಪೇಡೆ ಕೊಟ್ಟ. ಧಾರವಾಡ ಪೇಡೆ ನನಗೆ ಅಷ್ಟಕ್ಕಷ್ಟೆ, ಅವನ ಮುಖ ನೋಡಿ ಎರಡು ತಿಂದೆ. ಅವನೂ ಹಾಡು ಕಲಿತವನು. ಮಾಸ್ತರ ಲಲಿತದ ಬಗ್ಗೆ ನಾನು ಅರ್ಧ ಗಂಟೆ ಹೇಳಿದ್ದನ್ನೆಲ್ಲ ಕೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಧೈವತ ಕೋಮಲಾ ಹಚ್ಚಿದ್ರೋ ಶುದ್ಧೋ?"

"ಕೋಮಲ."

"ಹಂಗಾದ್ರ ಅದು ಲಲತ ಅಲ್ಲ ಬಿಡು" ಅಂದ. ರಾಗಗಳನ್ನು ಥಾಟ್ ಅನ್ನೋ ಗುಂಪುಗಳಾಗಿ ವಿಂಗಡಿಸಿದ ಭಾತಖಂಡೆಯವರು ಲಲಿತವನ್ನು ಇಟ್ಟಿರೋದು ಮಾರ್ವಾ ಥಾಟಿನಲ್ಲಿ, ಮಾರ್ವಾದ ಧೈವತ ಶುದ್ಧ, ಮುಗೀತು ಅನ್ನೋದು ಅವನ ವಾದ. ಈಗ ಹೆಚ್ಚಿನವರು ಕೋಮಲವನ್ನೇ ಹಾಡ್ತಾರೆ ಅಂದೆ. ಹೆಚ್ಚಿನವರು ಎಂಟಕ್ಕೆ ಮಾಲಕಂಸನೂ ಹಾಡ್ತಾರೆ ಅಂದ. ಇದು ಊಟದ ಹೊತ್ತಿಗೂ ನಡೆಯಿತು, ಆಟೋದಲ್ಲೂ ನಡೆಯಿತು. ರೈಲು ಕದಲಿದಾಗ ಕಿಟಕಿಯ ಸರಳು ಹಿಡಿದು ಜತೆಗೇ ನಾಲ್ಕು ಹೆಜ್ಜೆ ಬಂದ. ಬೀಳ್ಕೊಡೋಕೆ ಅಂದುಕೊಂಡೆ. "ಮುಂದಿನ ವರ್ಷ ನಾನೂ ಬರ್ತೀನಿ, ಆ ಮಾಸ್ತರಿಗೇ ಕೇಳೋಣು" ಅಂದ.