ಅಜ್ಜ ಚೀಟಿ ಕೇಳುತ್ತಿದ್ದರು

“ನಿಮ್ಮ ಅಜ್ಜ ಮುಖ ನೋಡಿಯೇ ಮದ್ದು ಕೊಡುತ್ತಿದ್ದರು. ನೀವು ಎಂತಕ್ಕೆ ಡಾಕ್ಟರ ಚೀಟಿ ಕೇಳುವುದು?” ಸೋಮವಾರಪೇಟೆಯ ನಮ್ಮ ಮೆಡಿಕಲ್ ಶಾಪಿನಲ್ಲಿ ಈ ಪ್ರಶ್ನೆಯನ್ನು ಕೇಳದ ವಾರವಿಲ್ಲ. ಇಷ್ಟು ವರ್ಷ ನಗುತ್ತಾ ಉತ್ತರಿಸಿದೆ. ಇನ್ನು ನಗಲಾರೆ, ಏಕೆಂದರೆ ಈ ಮಾತು ನನಗಿಂತ ಹೆಚ್ಚಾಗಿ ಅಜ್ಜನಿಗೆ ಮಾಡುವ ಅನ್ಯಾಯ.

ಅಜ್ಜ ಕಾಫಿ ತೋಟದ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರು. 1948ರ ಫಾರ್ಮಸಿ ಕಾಯ್ದೆಯು ಐದು ವರ್ಷ ಮದ್ದು ಬೆರೆಸಿದ ಅನುಭವವಿದ್ದವರಿಗೂ ಮೊದಲ ನೋಂದಣಿಯಲ್ಲಿ ಅವಕಾಶ ಕೊಟ್ಟಿದ್ದರಿಂದ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗಲೇ ಅವರು ಈ ಅಂಗಡಿ ತೆರೆದರು. ಆಗ ಹೆಚ್ಚಿನ ಮದ್ದು ಸಿದ್ಧವಾಗಿ ಬರುತ್ತಿರಲಿಲ್ಲ. ವೈದ್ಯರ ಚೀಟಿ ಬಂದ ಮೇಲೆಯೇ ಅಜ್ಜ ತಕ್ಕಡಿ ಹಿಡಿದು ತೂಗಿ, ಕಲ್ಬತ್ತಿನಲ್ಲಿ ಅರೆದು, ಬಾಟಲಿಗೆ ತುಂಬಿ, ಒಂದೊಂದು ಹೊತ್ತಿನ ಅಳತೆ ತಿಳಿಯುವಂತೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಚೀಟಿಯೇ ಇಲ್ಲದಿದ್ದರೆ ಬೆರೆಸುವುದೇನನ್ನು? ಮದ್ದು ಸಿದ್ಧವಾಗುವವರೆಗೆ ಜನ ಗೋಡೆಯ ಬದಿಯ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತಿರುತ್ತಿದ್ದರು. ಅಜ್ಜ ಅರೆಯುತ್ತಲೇ ಮನೆಯವರ ಆರೋಗ್ಯ, ತೋಟದ ಕೆಲಸ, ಹಳೆಯ ಜ್ವರ ಎಲ್ಲವನ್ನೂ ವಿಚಾರಿಸುತ್ತಿದ್ದರು. ಆ ವಿಚಾರಣೆಯೇ ನೆನಪಿನಲ್ಲಿ “ಮುಖ ನೋಡಿ ಕೊಟ್ಟದ್ದು” ಆಗಿದೆ.

ಚೀಟಿ ಇಲ್ಲದೆ ಕೊಟ್ಟವರು ನಮ್ಮ ಮನೆಯಲ್ಲಿದ್ದರೆ ಅದು ಅಪ್ಪ. ಅವರು ಡಿ.ಫಾರ್ಮ ಓದಿ ಕುಳಿತುಕೊಳ್ಳುವ ಹೊತ್ತಿಗೆ ಮಾತ್ರೆಗಳೆಲ್ಲ ಸ್ಟ್ರಿಪ್‌ಗಳಲ್ಲಿ ಬರುತ್ತಿದ್ದವು, ಕೊಡುವುದು ಒಂದು ನಿಮಿಷದ ಕೆಲಸವಾಗಿತ್ತು, ಗುರುತಿನವರಿಗೆ ಇಲ್ಲ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಮಕ್ಕಳ ಜ್ವರಕ್ಕೆ ನಿಮೆಸುಲೈಡ್ ಸಿರಪ್ ಕೇಳಿದವರಿಗೆಲ್ಲ ಕೊಟ್ಟರು. ಯಕೃತ್ತಿಗೆ ಹಾನಿಯಾಗಬಹುದೆಂಬ ಕಾರಣಕ್ಕೆ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು 2011ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ದಿನ, ಅಪ್ಪ ಕಪಾಟಿನಲ್ಲಿದ್ದ ಬಾಟಲಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿ, ಯಾವ ಯಾವ ಮನೆಯ ಮಗುವಿಗೆ ಕೊಟ್ಟೆನೆಂದು ಹೆಸರು ಹಿಡಿದು ಲೆಕ್ಕ ಮಾಡುತ್ತಾ ರಾತ್ರಿಯವರೆಗೆ ಕುಳಿತಿದ್ದರು. ಆ ಹೆಸರುಗಳು ನನ್ನ ಕಿವಿಯಲ್ಲಿ ಇನ್ನೂ ಇವೆ. ನನ್ನನ್ನು ಹಟಮಾರಿ ಎನ್ನುವವರು ಆ ರಾತ್ರಿ ಅಲ್ಲಿರಲಿಲ್ಲ.

2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಿಗಳಿಗೆ, ಅಂದರೆ ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್‌ಗಳಿಗೆ, ಕ್ಷಯದ ಮಾತ್ರೆಗಳಿಗೆ, ವೈದ್ಯರ ಮತ್ತು ರೋಗಿಯ ಹೆಸರನ್ನೂ ಕೊಟ್ಟ ಪ್ರಮಾಣವನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಾನು ಬರೆಯುತ್ತೇನೆ. ಕಾನೂನು ಇರದಿದ್ದರೂ ಬರೆಯುತ್ತಿದ್ದೆ.

ಇದರ ಬದಲು, ಈ ಮಳೆಯಲ್ಲಿ ಮದ್ದನ್ನು ಹೇಗೆ ಕಾಪಾಡುತ್ತೀರಿ ಎಂದು ಯಾರಾದರೂ ಕೇಳಬಾರದೇ? ಪುಡಿಗಳು ತೇವ ಹಿಡಿದು ಗಟ್ಟಿಯಾಗದಂತೆ ಅಜ್ಜ ಆಟಿ ತಿಂಗಳಿಡೀ ಅಂಗಡಿಯ ಒಳಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು. ನನಗಿರುವ ಚಿಂತೆ ಇನ್ಸುಲಿನ್‌ನದು; ತೆರೆಯದ ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು, ರಸ್ತೆ ಮುಚ್ಚಿ, ಕರೆಂಟ್ ಇಲ್ಲದಾದಾಗ ಫ್ರಿಜ್ಜಿನ ಬಾಗಿಲನ್ನು ಅಗತ್ಯವಿಲ್ಲದೆ ತೆರೆಯಲಿಲ್ಲ. ಒಳಗೆ ಥರ್ಮಾಮೀಟರ್ ಇಟ್ಟು ರಾತ್ರಿಯೂ ಎದ್ದು ನೋಡಿದೆ.

ಆ ದಿನಗಳಲ್ಲೇ ಒಬ್ಬ ಅಕ್ಕ ನೆನೆದ ಕೊಡೆಯೊಂದಿಗೆ ಬಂದು, ಮನೆಯ ಫ್ರಿಜ್ ನಿಂತುಹೋಗಿದೆ, ತೆರೆದ ಇನ್ಸುಲಿನ್ ಬಾಟಲಿ ಕೆಟ್ಟಿತೇ ಎಂದು ಕೇಳಿದರು. ಅವರನ್ನು ಅಜ್ಜನ ಆ ಬೆಂಚಿನಲ್ಲೇ ಕೂರಿಸಿ, ತೆರೆದ ಬಾಟಲಿ ನಮ್ಮ ಈ ತಂಪಿನಲ್ಲಿ ಸುಮಾರು ನಾಲ್ಕು ವಾರ ಹೊರಗಿದ್ದರೂ ತಡೆಯುತ್ತದೆ, ಒಲೆಯ ಹತ್ತಿರ ಮಾತ್ರ ಇಡಬೇಡಿ ಎಂದು ಹೇಳಿ, ತೆರೆದ ದಿನಾಂಕವನ್ನು ಅದರ ಮೇಲೆ ಬರೆದುಕೊಟ್ಟೆ. ಮಳೆ ಜೋರಾಗಿದ್ದುದರಿಂದ ಅವರು ಬಹಳ ಹೊತ್ತು ಅಲ್ಲೇ ಕುಳಿತು ಮನೆಯವರ ಸುದ್ದಿಯನ್ನೆಲ್ಲ ಹೇಳಿದರು.